ಸಾಲು ನಿಲ್ಲುವ ಜಾಗ ಯಾವುದು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರಿನವು. ನೆಟ್‌ವರ್ಕ್ ಸ್ವಿಚ್‌ನಲ್ಲಿ ಆದ್ಯತೆ ಕೊಟ್ಟೆವು, ಬ್ಯಾಂಡ್‌ವಿಡ್ತ್‌ಗೆ ಮಿತಿ ಹಾಕಿದೆವು, ಆದರೂ ಏನೂ ಸುಧಾರಿಸಲಿಲ್ಲ. ಕೆಲವರಿಗೆ ಇದ್ದದ್ದೂ ಕೆಟ್ಟಿತು. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಊರಿನ ಹೆಸರು ಉಳಿಸಿಕೊಂಡು ಬರೆದವರ ಹೆಸರು ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮದು ಜವಳಿ ಸಗಟು ವ್ಯಾಪಾರ. ಆಫೀಸಿನಲ್ಲಿ ಹನ್ನೆರಡು ಐಪಿ ಫೋನ್, 20 ಎಂಬಿಪಿಎಸ್‌ನ ಲೀಸ್ಡ್ ಲೈನ್. ಬೆಳಿಗ್ಗೆಯೆಲ್ಲ ಫೋನ್ ಚೆನ್ನಾಗಿರುತ್ತದೆ. ಸಂಜೆ ನಾಲ್ಕಕ್ಕೆ ಲೆಕ್ಕದ ಬ್ಯಾಕಪ್ ಕ್ಲೌಡ್‌ಗೆ ಹೋಗಲು ಶುರುವಾಯಿತೆಂದರೆ ಕೆಟ್ಟಿತು. ಸೂರತ್‌ನವರ ಮಾತು ನಮಗೆ ಸರಿಯಾಗೇ ಕೇಳಿಸುತ್ತದೆ, ಅವರಿಗೆ ಮಾತ್ರ ನಮ್ಮದು ತುಂಡು ತುಂಡು. ಸ್ವಿಚ್‌ನಲ್ಲಿ ಫೋನಿನ ಪೋರ್ಟ್‌ಗಳಿಗೆಲ್ಲ ‘ಹೈ’ ಆದ್ಯತೆ ಕೊಟ್ಟಾಯಿತು. ಲೈನನ್ನು 50ಕ್ಕೆ ಏರಿಸಿ ಅನ್ನುತ್ತಾರೆ. ಏರಿಸಲೇ? — ದಾವಣಗೆರೆ

ಉತ್ತರ: ಸದ್ಯಕ್ಕೆ ಬೇಡ. ಸುಳಿವು ನಿಮ್ಮ ಪತ್ರದಲ್ಲೇ ಇದೆ. ಅವರ ಮಾತು ನಿಮಗೆ ಸರಿ, ನಿಮ್ಮದು ಅವರಿಗೆ ತುಂಡು ಅಂದಮೇಲೆ ತೊಂದರೆ ಇರುವುದು ಹೊರಗೆ ಹೋಗುವ ದಾರಿಯಲ್ಲಿ. ಬ್ಯಾಕಪ್ ಹೋಗುವುದೂ ಅದೇ ದಾರಿಯಲ್ಲಿ.

ಮೊದಲು ಲೆಕ್ಕ ಹಾಕೋಣ. ಐಪಿ ಫೋನುಗಳು ಸಾಮಾನ್ಯವಾಗಿ ಬಳಸುವ ಜಿ.711 ಕೋಡೆಕ್‌ನಲ್ಲಿ ಮಾತಿನ ಪಾಲು 64 ಕೆಬಿಪಿಎಸ್. ಫೋನು 20 ಮಿಲಿಸೆಕೆಂಡಿಗೊಂದರಂತೆ ಸೆಕೆಂಡಿಗೆ 50 ಪ್ಯಾಕೆಟ್ ಕಳಿಸುತ್ತದೆ. ಒಂದೊಂದರಲ್ಲೂ 160 ಬೈಟ್ ಮಾತು, ಅದರ ಮೇಲೆ ವಿಳಾಸದ ಹೊದಿಕೆಗಳು. ಎಲ್ಲ ಸೇರಿ ಈಥರ್‌ನೆಟ್ ತಂತಿಯ ಮೇಲೆ ಒಂದು ಕರೆಗೆ, ಒಂದು ದಿಕ್ಕಿಗೆ, ಸುಮಾರು 87 ಕೆಬಿಪಿಎಸ್. ಹನ್ನೆರಡು ಜನವೂ ಒಟ್ಟಿಗೆ ಮಾತಾಡಿದರೂ ಒಂದು ಎಂಬಿಪಿಎಸ್ ಚೂರು ದಾಟೀತು. ನಿಮ್ಮ ಲೈನಿನ ಇಪ್ಪತ್ತರಲ್ಲಿ ಒಂದು ಪಾಲು. ಹಾಗಾಗಿ ಜಾಗ ಸಾಲುತ್ತಿಲ್ಲ ಅನ್ನುವ ಮಾತೇ ಇಲ್ಲ.

ಹಾಗಾದರೆ ತುಂಡಾಗುವುದೇಕೆ? ನಿಮ್ಮ ಸ್ವಿಚ್‌ನಿಂದ ಕಂಪನಿಯ ಮೋಡೆಮ್‌ಗೆ ಹೋಗುವ ಕೇಬಲ್ ಒಂದು ಗಿಗಾಬಿಟ್‌ನದು. ಅಲ್ಲಿಂದಾಚೆಗೆ ಲೈನು 20 ಎಂಬಿಪಿಎಸ್‌ನದು. ಸ್ವಿಚ್‌ಗೆ ಈ ವಿಷಯ ಗೊತ್ತೇ ಇಲ್ಲ. ಅದರ ಕಣ್ಣಿಗೆ ಮುಂದಿರುವುದು ಸಾವಿರ ಎಂಬಿಪಿಎಸ್‌ನ ಖಾಲಿ ರಸ್ತೆ. 1500 ಬೈಟಿನ ದೊಡ್ಡ ಪ್ಯಾಕೆಟ್ಟನ್ನೂ 12 ಮೈಕ್ರೋಸೆಕೆಂಡಿನಲ್ಲಿ ದಾಟಿಸಿಬಿಡುತ್ತದೆ. ಸ್ವಿಚ್‌ನಲ್ಲಿ ಯಾರೂ ಸಾಲು ನಿಲ್ಲುವುದೇ ಇಲ್ಲವಾದ್ದರಿಂದ ನೀವು ಕೊಟ್ಟ ‘ಹೈ’ ಆದ್ಯತೆಗೆ ಕೆಲಸವಿಲ್ಲ. ಸಾಲು ನಿಲ್ಲುವುದು ಮೋಡೆಮ್‌ನ ಒಳಗೆ. ಅದರಲ್ಲಿ ಒಂದು ಮೆಗಾಬೈಟ್ ಬಫರ್ ಇದೆ ಅಂದುಕೊಳ್ಳಿ. ಬ್ಯಾಕಪ್ ಅದನ್ನು ತುಂಬಿಸಿಟ್ಟಿರುತ್ತದೆ. ಎಂಬತ್ತು ಲಕ್ಷ ಬಿಟ್, ಸೆಕೆಂಡಿಗೆ ಎರಡು ಕೋಟಿ ಬಿಟ್‌ನಂತೆ ಖಾಲಿಯಾಗಲು 0.4 ಸೆಕೆಂಡ್. ನಿಮ್ಮ ಮಾತಿನ ಪ್ಯಾಕೆಟ್ ಆ ಸಾಲಿನ ಬಾಲದಲ್ಲಿ ನಿಂತು 400 ಮಿಲಿಸೆಕೆಂಡ್ ಕಾಯುತ್ತದೆ, ಬಫರ್ ಉಕ್ಕಿದ ಗಳಿಗೆಯಲ್ಲಿ ಬಂದರೆ ಬಿದ್ದೇಹೋಗುತ್ತದೆ. ಮಾತುಕತೆ ಸಲೀಸಾಗಿ ನಡೆಯಬೇಕಾದರೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಮೀರಬಾರದು ಅನ್ನುವುದು ಐಟಿಯು ಸಂಸ್ಥೆಯ ಜಿ.114 ಶಿಫಾರಸು. ಬಫರ್ ಹೀಗೆ ಊದಿಕೊಳ್ಳುವುದಕ್ಕೆ ‘ಬಫರ್‌ಬ್ಲೋಟ್’ ಅಂತ ಹೆಸರಿಟ್ಟವರು ಜಿಮ್ ಗೆಟಿಸ್. ಮನೆಯಲ್ಲಿ ಫೈಲ್ ಕಳಿಸುವಾಗ ಇಂಟರ್‌ನೆಟ್ಟೇ ತೆವಳುವುದನ್ನು ಕಂಡು ಬೆನ್ನು ಹತ್ತಿದವರು ಅವರು.

ಭದ್ರಾ ನಾಲೆಯ ಕೊನೆ ಭಾಗದವರಾದ ನಿಮಗೆ ತೂಬಿನ ಮಾತು ಬಿಡಿಸಿ ಹೇಳಬೇಕಿಲ್ಲ. ನೀರುಗಂಟಿಯ ಮಾತು ನಡೆಯುವುದು ಅವನು ಕೂತ ತೂಬಿನಲ್ಲಿ. ಈಗ ನಿಮ್ಮ ನೀರುಗಂಟಿ ಸ್ವಿಚ್‌ನಲ್ಲಿ ಕೂತಿದ್ದಾನೆ, ನೀರು ಕಟ್ಟಿ ನಿಲ್ಲುತ್ತಿರುವುದು ಮೋಡೆಮ್‌ನಲ್ಲಿ. ಅಲ್ಲಿಗೆ ನಿಮ್ಮ ಕೈ ಹೋಗುವುದಿಲ್ಲ. ಆದ್ದರಿಂದ ಸಾಲನ್ನೇ ನಿಮ್ಮ ಕಡೆಗೆ ಎಳೆದುಕೊಳ್ಳಬೇಕು. ಲೈನು 20 ಇದ್ದರೆ, ಸ್ವಿಚ್ ಮತ್ತು ಮೋಡೆಮ್ ನಡುವಿನ ನಿಮ್ಮ ರೂಟರ್‌ನ ಹೊರಮುಖದ ಪೋರ್ಟ್‌ನಲ್ಲಿ ಶೇಪಿಂಗ್, ಅಂದರೆ ಹೆಚ್ಚಿಗೆ ಬಂದದ್ದನ್ನು ಕಾಯಿಸಿ ಬಿಡುವ ಮಿತಿ, ಹಾಕಿ 18 ಅಥವಾ 19ಕ್ಕೆ ನಿಲ್ಲಿಸಿ. ಒಂದೆರಡು ಎಂಬಿಪಿಎಸ್ ಕಳೆದುಕೊಳ್ಳುತ್ತೀರಿ, ನಿಜ. ಆದರೆ ಮೋಡೆಮ್‌ನ ಬಫರ್ ಇನ್ನು ತುಂಬುವುದೇ ಇಲ್ಲ. ಸಾಲು ನಿಮ್ಮ ಪೆಟ್ಟಿಗೆಯಲ್ಲಿ ನಿಲ್ಲುತ್ತದೆ. ಈಗ ಅದರೊಳಗೆ ಫೋನಿಗೆ ಮೊದಲು ದಾರಿ ಅಂತ ಬರೆಯಿರಿ. ಆ ಆದ್ಯತೆಗೆ ಜೀವ ಬರುತ್ತದೆ.

ಹೀಗೆ ಮಾಡುವ ಮುಂಚೆ ಒಂದು ಪರೀಕ್ಷೆ ಮಾಡಿ, ಐದು ನಿಮಿಷದ ಕೆಲಸ. ಬ್ಯಾಕಪ್ ಇಲ್ಲದಾಗ ಇಂಟರ್‌ನೆಟ್ ಕಂಪನಿಯ ಗೇಟ್‌ವೇಗೆ ಪಿಂಗ್ ಕೊಟ್ಟು ಎಷ್ಟು ಮಿಲಿಸೆಕೆಂಡ್ ಅಂತ ಬರೆದಿಟ್ಟುಕೊಳ್ಳಿ. ನಾಲ್ಕು ಗಂಟೆಗೆ ಬ್ಯಾಕಪ್ ಓಡುವಾಗ ಮತ್ತೆ ಕೊಡಿ. ಹತ್ತು ಇದ್ದದ್ದು ಮುನ್ನೂರು ನಾನೂರಾದರೆ ನನ್ನ ಮಾತು ಸರಿ. ಹತ್ತು ಹತ್ತಾಗೇ ಉಳಿದು ಮಾತು ತುಂಡಾದರೆ ಬೇರೆ ಕಾರಣ ಇದೆ, ಆಗ ಮತ್ತೆ ಬರೆಯಿರಿ. ಲೈನನ್ನು 50ಕ್ಕೆ ಏರಿಸಿದರೆ ಬ್ಯಾಕಪ್ ಬೇಗ ಮುಗಿದೀತು, ಆದರೆ ಅದು ಓಡುವಷ್ಟು ಹೊತ್ತು 50ನ್ನೂ ತಾನೇ ತುಂಬಿಕೊಳ್ಳುತ್ತದೆ. ಹಣ ಕೊಟ್ಟು ತೊಂದರೆಯನ್ನು ಗಿಡ್ಡ ಮಾಡಿಕೊಂಡ ಹಾಗಾಗುತ್ತದೆ, ಅಷ್ಟೆ. ಬ್ಯಾಕಪ್ಪನ್ನು ರಾತ್ರಿ ಹತ್ತಕ್ಕೆ ತಳ್ಳಿದರೆ ಇಷ್ಟೆಲ್ಲ ಬೇಡವೇ ಬೇಡ, ಅದನ್ನೂ ಹೇಳಿಬಿಡುತ್ತೇನೆ.

ಪ್ರಶ್ನೆ: ಕಾಲೇಜಿನ ಲ್ಯಾಬ್ ಇನ್‌ಸ್ಟ್ರಕ್ಟರ್ ನಾನು. ನಮ್ಮಲ್ಲಿರುವುದು ಸಿಸ್ಕೊ ಕ್ಯಾಟಲಿಸ್ಟ್ 2960 ಸ್ವಿಚ್‌ಗಳು. ಪುಸ್ತಕ ನೋಡಿ ‘ಎಂಎಲ್‌ಎಸ್ ಕ್ಯೂಓಎಸ್’ ಕಮಾಂಡ್ ಕೊಟ್ಟೆ. ಕೊಟ್ಟ ಮೇಲೆ ಫೋನು ಸುಧಾರಿಸಲಿಲ್ಲ, ಬದಲಿಗೆ ಫೈಲ್ ಸರ್ವರ್‌ನಿಂದ ಕಾಪಿ ಮಾಡುವಾಗ ಪ್ಯಾಕೆಟ್ ಬೀಳಲು ಶುರುವಾಯಿತು. ತೆಗೆದರೆ ಎಲ್ಲ ಮೊದಲಿನಂತೆ. ಸ್ವಿಚ್ ಕೆಟ್ಟಿದೆಯೇ? — ಹಾಸನ

ಉತ್ತರ: ಕೆಟ್ಟಿಲ್ಲ, ಹೇಳಿದ್ದನ್ನು ಮಾಡುತ್ತಿದೆ. ನೀವು ಅದಕ್ಕೆ ಅರ್ಧ ಮಾತು ಹೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ಒಂದು ಆಸ್ಪತ್ರೆಯಲ್ಲಿ ನಾನೂ ಇದೇ ಅರ್ಧ ಮಾತು ಹೇಳಿ ರಾತ್ರಿ ಒಂಬತ್ತಕ್ಕೆ ನೆಮ್ಮದಿಯಾಗಿ ಮನೆಗೆ ಹೋಗಿದ್ದೆ. ಆ ಹೊತ್ತಿನಲ್ಲಿ ನೆಟ್‌ವರ್ಕ್ ಖಾಲಿ, ಎಲ್ಲ ಸರಿಯಾಗೇ ಕಂಡಿತು. ಬೆಳಿಗ್ಗೆ ಒಪಿಡಿ ತೆರೆದು ಎಕ್ಸ್‌ರೇ ಚಿತ್ರಗಳು ಓಡಾಡತೊಡಗಿದಾಗ ನನಗೆ ಬಂದ ಫೋನ್ ಕರೆಯೇ ತುಂಡು ತುಂಡಾಗಿತ್ತು!

ಆದದ್ದು ಎರಡು. ಮೊದಲನೆಯದು ನಂಬಿಕೆಯ ಪ್ರಶ್ನೆ. ಫೋನು ತನ್ನ ಪ್ಯಾಕೆಟ್ ಮೇಲೆ ‘ನಾನು ಮಾತು, ಬೇಗ ಬಿಡಿ’ ಅಂತ ಒಂದು ಗುರುತು ಹಾಕಿ ಕಳಿಸುತ್ತದೆ. ಐಪಿ ಹೊದಿಕೆಯಲ್ಲಿ ಇದಕ್ಕೆಂದೇ ಆರು ಬಿಟ್ ಜಾಗ, ಹೆಸರು ಡಿಎಸ್‌ಸಿಪಿ. 1998ರ ಕೊನೆಯಲ್ಲಿ ಬಂದ ಆರ್‌ಎಫ್‌ಸಿ 2474 ಇದನ್ನು ಗೊತ್ತುಮಾಡಿತು. ಆರು ಬಿಟ್ ಅಂದರೆ 0ಯಿಂದ 63ರವರೆಗೆ; ಮಾತಿಗೆ ರೂಢಿಯಲ್ಲಿರುವ ಗುರುತು 46. ನಿಮ್ಮ ಸ್ವಿಚ್‌ನಲ್ಲಿ ಕ್ಯೂಓಎಸ್, ಅಂದರೆ ಆದ್ಯತೆಯ ಏರ್ಪಾಡು, ಆಫ್ ಇದ್ದಾಗ ಅದು ಈ ಗುರುತನ್ನು ಮುಟ್ಟದೆ ದಾಟಿಸುತ್ತದೆ. ಆನ್ ಮಾಡಿದ ತಕ್ಷಣ ‘ಈ ಪೋರ್ಟನ್ನು ನಂಬು’ ಅಂತ ಹೇಳದಿದ್ದರೆ ಯಾರನ್ನೂ ನಂಬುವುದಿಲ್ಲ, ಬಂದ 46ನ್ನು ಒರೆಸಿ 0 ಬರೆಯುತ್ತದೆ. ಆದ್ಯತೆ ಕೊಡಲು ಹೋಗಿ ಇದ್ದ ಆದ್ಯತೆಯನ್ನೂ ಕಿತ್ತುಕೊಂಡಿರಿ. ಫೋನಿನ ಪೋರ್ಟ್‌ಗಳಲ್ಲಿ, ಸ್ವಿಚ್‌ನಿಂದ ಸ್ವಿಚ್‌ಗೆ ಹೋಗುವ ಅಪ್‌ಲಿಂಕ್‌ಗಳಲ್ಲಿ ‘ಎಂಎಲ್‌ಎಸ್ ಕ್ಯೂಓಎಸ್ ಟ್ರಸ್ಟ್ ಡಿಎಸ್‌ಸಿಪಿ’ ಕೊಡಿ. ಅಪ್‌ಲಿಂಕ್ ಮರೆಯುವವರೇ ಹೆಚ್ಚು; ಒಂದು ಕಡೆ ಮರೆತರೂ ಗುರುತು ಅಲ್ಲಿಗೇ ಸಾಯುತ್ತದೆ.

ಎರಡನೆಯದು ಬಫರ್. ಕ್ಯೂಓಎಸ್ ಆಫ್ ಇದ್ದಾಗ ಪೋರ್ಟ್‌ನ ಬಫರ್ ಎಲ್ಲರಿಗೂ ಸೇರಿದ ಅಂಗಳ. ಆನ್ ಆದಾಗ ಹೊರಹೋಗುವ ನಾಲ್ಕು ಕ್ಯೂಗಳಿಗೆ ಶೇ 25ರಂತೆ ಭಾಗವಾಗುತ್ತದೆ, ಅಣ್ಣತಮ್ಮಂದಿರು ಮನೆ ನಡುವೆ ಗೋಡೆ ಎಬ್ಬಿಸಿದ ಹಾಗೆ. ಗುರುತಿಲ್ಲದ ಎಲ್ಲ ಪ್ಯಾಕೆಟ್ಟುಗಳೂ, ಅಂದರೆ ನಿಮ್ಮ ಫೈಲ್ ಕಾಪಿಗಳೆಲ್ಲ, ಎರಡನೇ ಕ್ಯೂನಲ್ಲೇ ತುರುಕಿಕೊಳ್ಳುತ್ತವೆ. ಉಳಿದ ಮೂರು ಕೋಣೆ ಖಾಲಿ ಹೊಡೆಯುತ್ತಿದ್ದರೂ ಅದು ಉಕ್ಕಿ ಪ್ಯಾಕೆಟ್ ಬೀಳುತ್ತದೆ. ‘ಎಂಎಲ್‌ಎಸ್ ಕ್ಯೂಓಎಸ್ ಕ್ಯೂ-ಸೆಟ್ ಔಟ್‌ಪುಟ್ 1 ಬಫರ್ಸ್ 10 50 20 20’ ಅಂತ ಕೊಟ್ಟು ಎರಡನೆಯದಕ್ಕೆ ಅರ್ಧ ಜಾಗ ಕೊಡಿ. ನಾಲ್ಕೂ ಕೂಡಿದರೆ ಸರಿಯಾಗಿ ನೂರಾಗಬೇಕು.

ಆಮೇಲೆ ಪೋರ್ಟ್ ಮೇಲೆ ‘ಪ್ರಯಾರಿಟಿ-ಕ್ಯೂ ಔಟ್’ ಕೊಡಿ. ಅದರಿಂದ ಒಂದನೇ ಕ್ಯೂ ಖಾಲಿಯಾಗುವ ತನಕ ಸ್ವಿಚ್ ಬೇರೆ ಕ್ಯೂ ಕಡೆ ತಿರುಗಿ ನೋಡುವುದಿಲ್ಲ. 40ರಿಂದ 47ರವರೆಗಿನ ಗುರುತುಗಳು ಮೊದಲಿಂದಲೇ ಒಂದನೇ ಕ್ಯೂಗೆ ಹೋಗುವಂತೆ ಇರುತ್ತವೆ, ಹಾಗಾಗಿ 46ಕ್ಕೆ ಬೇರೆ ನಕ್ಷೆ ಬರೆಯಬೇಕಿಲ್ಲ. ‘ಪ್ರಯಾರಿಟಿ-ಕ್ಯೂ ಔಟ್’ ಕೊಡದಿದ್ದರೆ ಇನ್ನೊಂದು ಬಲೆ ಕಾದಿರುತ್ತದೆ: ‘ಎಸ್‌ಆರ್‌ಆರ್-ಕ್ಯೂ ಬ್ಯಾಂಡ್‌ವಿಡ್ತ್ ಶೇಪ್ 25 0 0 0’ ಅನ್ನುವುದು ಕಾರ್ಖಾನೆಯಿಂದ ಬಂದ ಸೆಟ್ಟಿಂಗ್. ಒಂದನೇ ಕ್ಯೂಗೆ ಶೇ 25 ಅಂತ ಓದಿಕೊಂಡಿರಿ ತಾನೇ? ಅಲ್ಲ. ಶೇಪ್‌ನಲ್ಲಿ ಅಂಕಿ ತಲೆಕೆಳಗು: 25 ಅಂದರೆ ಇಪ್ಪತ್ತೈದನೇ ಒಂದು, ಶೇ 4. ನೂರು ಎಂಬಿಪಿಎಸ್ ಪೋರ್ಟ್‌ನಲ್ಲಿ ನಾಲ್ಕು ಎಂಬಿಪಿಎಸ್. ಪಕ್ಕದಲ್ಲೇ ಇರುವ ‘ಶೇರ್’ ಕಮಾಂಡ್‌ನಲ್ಲಿ ಮಾತ್ರ ಅಂಕಿ ಹೆಚ್ಚಾದಷ್ಟು ಪಾಲು ಹೆಚ್ಚು. ಹೀಗೆ ಇಟ್ಟವರಿಗೆ ಏನು ಹೊಳೆದಿತ್ತೋ!

ಇನ್ನು ಇಡೀ ಪೋರ್ಟ್‌ಗೆ ಮಿತಿ ಹಾಕುವ ‘ಎಸ್‌ಆರ್‌ಆರ್-ಕ್ಯೂ ಬ್ಯಾಂಡ್‌ವಿಡ್ತ್ ಲಿಮಿಟ್’. ಅದು ಪೋರ್ಟ್ ವೇಗದ ಶೇ 10ರಿಂದ 90ರವರೆಗೆ ಮಾತ್ರ ಬಗ್ಗುತ್ತದೆ, ಅದೂ ಒರಟು ಹೆಜ್ಜೆಗಳಲ್ಲಿ. ಗಿಗಾಬಿಟ್ ಪೋರ್ಟ್‌ನಲ್ಲಿ 19 ಎಂಬಿಪಿಎಸ್ ಬೇಕೆಂದರೆ ಈ ಸ್ವಿಚ್‌ನಲ್ಲಿ ಆಗದು. ಮೇಲೆ ದಾವಣಗೆರೆಯವರಿಗೆ ರೂಟರ್ ಅಂದದ್ದು ಅದಕ್ಕೇ.

ಎಲ್ಲ ಆದ ಮೇಲೆ ಗುರುತು ನಿಜವಾಗಿ ತಲುಪುತ್ತಿದೆಯೇ ನೋಡಬೇಕು. ಲಿನಕ್ಸ್ ಕಂಪ್ಯೂಟರ್ ಒಂದನ್ನು ಫೋನಿನ ಪೋರ್ಟ್‌ಗೆ ಹಾಕಿ ‘ಪಿಂಗ್ -ಕ್ಯೂ 184’ ಕೊಡಿ. ಆರು ಬಿಟ್‌ನ 46, ಪೂರ್ತಿ ಬೈಟ್ ಆಗಿ ಓದಿದಾಗ 184. ಆಚೆ ತುದಿಯಲ್ಲಿ ವೈರ್‌ಶಾರ್ಕ್‌ನಲ್ಲಿ 46 ಕಂಡರೆ ದಾರಿ ಸರಿ, 0 ಕಂಡರೆ ನಡುವೆ ಯಾವುದೋ ಪೋರ್ಟ್ ನಂಬುತ್ತಿಲ್ಲ. ‘ಶೋ ಎಂಎಲ್‌ಎಸ್ ಕ್ಯೂಓಎಸ್ ಇಂಟರ್‌ಫೇಸ್’ ಬರೆದು ಪೋರ್ಟ್ ಹೆಸರು, ಕೊನೆಗೆ ‘ಸ್ಟ್ಯಾಟಿಸ್ಟಿಕ್ಸ್’ ಸೇರಿಸಿದರೆ ಯಾವ ಕ್ಯೂನಲ್ಲಿ ಎಷ್ಟು ಬಿತ್ತು ಅಂತ ತೋರಿಸುತ್ತದೆ. ಮುಂದೆ ಕಾಲೇಜು 9200ರಂಥ ಹೊಸ ಸರಣಿ ತಂದರೆ ಈ ಪಾಠ ಅರ್ಧ ಮರೆತುಬಿಡಿ. ಅಲ್ಲಿ ಗುರುತನ್ನು ನಂಬುವುದೇ ರೂಢಿ, ಬರೆಯುವ ಕ್ರಮವೂ ಕ್ಲಾಸ್-ಮ್ಯಾಪ್, ಪಾಲಿಸಿ-ಮ್ಯಾಪ್ ಅಂತ ಬೇರೆ.

ಪ್ರಶ್ನೆ: ನಮ್ಮ ಎಂಡಿಯವರ ಕಂಪ್ಯೂಟರ್‌ಗೆ ಎಲ್ಲಕ್ಕಿಂತ ಮೇಲಿನ ಆದ್ಯತೆ, 7, ಕೊಡಬೇಕೆಂದು ಆಜ್ಞೆಯಾಗಿದೆ. ಕೊಡಬಹುದೇ? — ಬೆಳಗಾವಿ

ಉತ್ತರ: ಕೊಡಬಹುದು. ಅವರು ಸಿನಿಮಾ ಡೌನ್‌ಲೋಡ್‌ಗೆ ಹಾಕಿದ ದಿನ ಆಫೀಸಿಗೆಲ್ಲ ಅರ್ಧ ರಜೆ ಸಿಗುತ್ತದೆ.

ಕಟ್ಟುನಿಟ್ಟಿನ ಆದ್ಯತೆ, ಅಂದರೆ ‘ಸ್ಟ್ರಿಕ್ಟ್ ಪ್ರಯಾರಿಟಿ’, ಕರುಣೆಯಿಲ್ಲದ್ದು. ಮೇಲಿನ ಕ್ಯೂನಲ್ಲಿ ಪ್ಯಾಕೆಟ್ ಇರುವಷ್ಟು ಹೊತ್ತು ಕೆಳಗಿನವು ಉಪವಾಸ. ಅದು ಹೊಂದುವುದು ಮಾತಿನಂಥ ಸಣ್ಣ, ಮಿತಿಯುಳ್ಳ ಓಡಾಟಕ್ಕೆ. ಒಂದು ಕರೆ 87 ಕೆಬಿಪಿಎಸ್ ದಾಟುವುದಿಲ್ಲ ಅಂತ ನಮಗೆ ಗೊತ್ತು. ಡೌನ್‌ಲೋಡ್‌ಗೆ ಅಂಥ ತೃಪ್ತಿ ಇಲ್ಲ. ಮಾತಿಗೆ ಕೊಡುವಾಗಲೂ ಈ ಕ್ಯೂಗೆ ಲೈನಿನ ಮೂರನೇ ಒಂದಕ್ಕಿಂತ ಹೆಚ್ಚು ಹೋಗದಂತೆ ನೋಡಿಕೊಳ್ಳುವುದು ರೂಢಿ. ಇನ್ನೊಂದು ಮಾತು: 802.1ಪಿ ಆದ್ಯತೆಯಲ್ಲಿ ಇರುವುದೇ ಮೂರು ಬಿಟ್, 0ಯಿಂದ 7. ಅದರಲ್ಲಿ ಮೇಲಿನವನ್ನು ಸ್ವಿಚ್ ಮತ್ತು ರೂಟರ್‌ಗಳು ತಮ್ಮೊಳಗಿನ ಮಾತಿಗೆ ಬಳಸಿಕೊಳ್ಳುತ್ತವೆ. ಅಲ್ಲಿಗೆ ಎಂಡಿಯವರನ್ನು ಕೂರಿಸಿದರೆ ಡ್ರೈವರ್ ಸೀಟಿನಲ್ಲಿ ಯಜಮಾನರನ್ನು ಕೂರಿಸಿದ ಹಾಗೆ, ಬಸ್ಸು ನಿಲ್ಲುತ್ತದೆ.

ಎಂಡಿಯವರಿಗೆ ನ್ಯಾಯವಾದ ದೊಡ್ಡ ಪಾಲು ಕೊಡುವ ದಾರಿ ಬೇರೆ ಇದೆ. ಅನೇಕ ಸ್ವಿಚ್‌ಗಳಲ್ಲಿ ಸರದಿಯ ಮೇಲೆ ಪಾಲು ಹಂಚುವ ‘ಡಿಆರ್‌ಆರ್’ ಅಥವಾ ‘ಡಬ್ಲ್ಯುಆರ್‌ಆರ್’ ಅಂತ ಆಯ್ಕೆ ಕಾಣುತ್ತದೆ. ಡಿಆರ್‌ಆರ್ ಉಪಾಯವನ್ನು 1995ರಲ್ಲಿ ಪ್ರಕಟಿಸಿದವರು ಎಂ. ಶ್ರೀಧರ್ ಮತ್ತು ಜಾರ್ಜ್ ವರ್ಗೀಸ್. ಅದಕ್ಕೂ ಮುಂಚಿನ ಬರೀ ಸರದಿ ಪದ್ಧತಿಯಲ್ಲಿ ಪ್ರತಿ ಕ್ಯೂಗೂ ಸರದಿಗೊಂದು ಪ್ಯಾಕೆಟ್. ದಪ್ಪ ಪ್ಯಾಕೆಟ್ ಇದ್ದವನಿಗೆ ಲಾಭ, ಸಣ್ಣದರವನಿಗೆ ಮೋಸ. ಇವರು ಪ್ಯಾಕೆಟ್ ಎಣಿಸುವುದು ಬಿಟ್ಟು ಬೈಟ್ ಎಣಿಸಿದರು. ಸರದಿ ಬಂದಾಗ ಕ್ಯೂನ ಖಾತೆಗೆ ಇಷ್ಟು ಬೈಟ್ ಜಮಾ, ಅಂದುಕೊಳ್ಳಿ ಸಾವಿರ. ತಲೆಯಲ್ಲಿರುವ ಪ್ಯಾಕೆಟ್ 1500ರದ್ದಾದರೆ ಈ ಸಲ ಹೋಗುವಂತಿಲ್ಲ, ಸಾವಿರ ಖಾತೆಯಲ್ಲೇ ಉಳಿಯುತ್ತದೆ. ಮುಂದಿನ ಸರದಿಗೆ ಎರಡು ಸಾವಿರ ಆಯಿತು, 1500 ಹೋಯಿತು, ಐನೂರು ಬಾಕಿ. ಕ್ಯೂ ಖಾಲಿಯಾದರೆ ಬಾಕಿ ವಜಾ, ಕೂಡಿಟ್ಟುಕೊಳ್ಳುವಂತಿಲ್ಲ. ಕಿರಾಣಿ ಅಂಗಡಿಯ ಖಾತೆ ಪುಸ್ತಕದಷ್ಟು ಸರಳ ಲೆಕ್ಕ. ಎಂಡಿಯವರ ಖಾತೆಗೆ ಸರದಿಗೆ ಎರಡರಷ್ಟು ಜಮಾ ಮಾಡಿ, ಉಳಿದವರೂ ಬದುಕುತ್ತಾರೆ.

ಪ್ರಶ್ನೆ: ಸಿಬ್ಬಂದಿ ಕಂಪ್ಯೂಟರ್‌ನಲ್ಲೇ ಟೀಮ್ಸ್ ಮೀಟಿಂಗ್ ಮಾಡುತ್ತಾರೆ. ಫೋನಿನಂತೆ ಕಂಪ್ಯೂಟರ್ ಪೋರ್ಟ್‌ಗಳನ್ನೂ ‘ಟ್ರಸ್ಟ್’ ಮಾಡಿಬಿಡಲೇ? — ಕಲಬುರಗಿ

ಉತ್ತರ: ಬೇಡ. ಕಂಪ್ಯೂಟರ್‌ನಲ್ಲಿ ಯಾವ ಪ್ರೋಗ್ರಾಂ ಬೇಕಾದರೂ ತನ್ನ ಪ್ಯಾಕೆಟ್‌ಗೆ 46 ಬರೆದುಕೊಳ್ಳಬಹುದು. ಎಲ್ಲ ಗಾಡಿಗೂ ಕೆಂಪು ದೀಪ ಬಂದರೆ ಆಂಬುಲೆನ್ಸ್‌ಗೆ ದಾರಿ ಬಿಡುವವರು ಯಾರು?

ನಂಬುವ ಬದಲು ಸ್ವಿಚ್‌ಗೇ ಗುರುತು ಹಾಕಲು ಹೇಳಿ. ಟೀಮ್ಸ್‌ಗೆ ಮೈಕ್ರೋಸಾಫ್ಟ್ ಶಿಫಾರಸು ಮಾಡುವ ಕ್ರಮದಲ್ಲಿ ಮಾತು ಕಂಪ್ಯೂಟರ್‌ನ 50000ದಿಂದ 50019ರ ಪೋರ್ಟ್ ಸಂಖ್ಯೆಗಳಿಂದ ಹೊರಡುತ್ತದೆ, ವಿಡಿಯೋ 50020ರಿಂದ 50039, ಪರದೆ ಹಂಚಿಕೆ 50040ರಿಂದ 50059. ಗುರುತುಗಳು ಕ್ರಮವಾಗಿ 46, 34, 18. ಟೀಮ್ಸ್ ಅಡ್ಮಿನ್ ಕಡೆಯಲ್ಲಿ ಈ ಸಂಖ್ಯೆಗಳನ್ನು ಚಾಲೂ ಮಾಡಿ, ಸ್ವಿಚ್‌ನ ಒಳಬಾಗಿಲಲ್ಲಿ ಒಂದು ಎಸಿಎಲ್ (ಪ್ಯಾಕೆಟ್ ವಿಂಗಡಿಸುವ ನಿಯಮಗಳ ಪಟ್ಟಿ) ಬರೆದು ಆಯಾ ಸಂಖ್ಯೆಗೆ ಆಯಾ ಗುರುತು ಹಾಕಿಸಿ, ಉಳಿದದ್ದೆಲ್ಲ 0. ವಿಡಿಯೋವನ್ನು ಮಾತಿನ ಕ್ಯೂಗೆ ಮಾತ್ರ ಸೇರಿಸಬೇಡಿ. ಮುಖ ಕಾಣದಿದ್ದರೂ ಮೀಟಿಂಗ್ ನಡೆಯುತ್ತದೆ, ಮಾತು ಕೇಳದಿದ್ದರೆ ನಡೆಯುವುದಿಲ್ಲ.

ಗುರುತಿನ ಆಯಸ್ಸು ನಿಮ್ಮ ಕಾಂಪೌಂಡಿನವರೆಗೆ. ಸಾಮಾನ್ಯ ಇಂಟರ್‌ನೆಟ್‌ಗೆ ಬಿದ್ದ ಮೇಲೆ ಅದಕ್ಕೆ ಯಾರೂ ಬೆಲೆ ಕೊಡುವ ಭರವಸೆ ಇಲ್ಲ. ವೈಫೈ ಮೂಲಕ ಹೋಗುವವರಿದ್ದರೆ ಅಲ್ಲಿ ಡಬ್ಲ್ಯುಎಂಎಂ ಅನ್ನುವ ಬೇರೆ ಏರ್ಪಾಡು, ಬರೀ ನಾಲ್ಕು ದರ್ಜೆ. ಆಕ್ಸೆಸ್ ಪಾಯಿಂಟ್‌ನಲ್ಲಿ ಅದು ಆನ್ ಇದೆಯೇ ನೋಡಿ.

ಪ್ರಶ್ನೆ: ಕಲ್ಯಾಣ ಮಂಟಪದಲ್ಲಿ 24 ಸಿಸಿಟಿವಿ ಕ್ಯಾಮೆರಾ ಹಾಕಿಸಿದ್ದೇವೆ. ಎಲ್ಲ 1080ಪಿ, ಒಂದೊಂದಕ್ಕೆ 4 ಎಂಬಿಪಿಎಸ್ ಇಟ್ಟಿದ್ದಾರೆ. ರೆಕಾರ್ಡಿಂಗ್‌ನಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಪಿಓಇ ಸ್ವಿಚ್‌ನಿಂದ ರೆಕಾರ್ಡರ್‌ಗೆ ಒಂದೇ ಕೇಬಲ್, 100 ಎಂಬಿಪಿಎಸ್‌ನದು. 24 ಸಲ 4 ಅಂದರೆ 96, ಸಾಲಬೇಕಲ್ಲ? ಕ್ಯಾಮೆರಾಗಳಿಗೆ ಆದ್ಯತೆ ಹಾಕಿಸಲೇ? — ಉಡುಪಿ

ಉತ್ತರ: ಕೇಬಲ್‌ನಲ್ಲಿ ಹೋಗುವುದೆಲ್ಲ ಕ್ಯಾಮೆರಾವೇ ಆಗಿರುವಾಗ ಯಾರಿಗಿಂತ ಯಾರಿಗೆ ಆದ್ಯತೆ ಕೊಡುತ್ತೀರಿ? ಪಂಕ್ತಿಯಲ್ಲಿ ಕೂತವರೆಲ್ಲ ಬೀಗರೇ ಆದರೆ ಮೊದಲು ಯಾರಿಗೆ ಬಡಿಸುವುದು ಅಂದ ಹಾಗಾಯಿತು.

96 ಅನ್ನುವುದು ಸರಾಸರಿ. ಕ್ಯಾಮೆರಾ ಹರಿಸುವುದು ನಲ್ಲಿ ನೀರಿನ ಹಾಗೆ ಒಂದೇ ಸಮನೆ ಅಲ್ಲ. ಆಗಾಗ ಒಂದು ಪೂರ್ತಿ ಚಿತ್ರ ಕಳಿಸುತ್ತದೆ, ಅದು ದಪ್ಪ. ನಡುವೆ ಬರೀ ಬದಲಾದ ಭಾಗಗಳನ್ನು ಕಳಿಸುತ್ತದೆ, ಅವು ತೆಳು. ಐದಾರು ಕ್ಯಾಮೆರಾಗಳ ದಪ್ಪ ಚಿತ್ರ ಒಂದೇ ಗಳಿಗೆಗೆ ಬಿದ್ದರೆ ಆ ಕ್ಷಣದ ಲೆಕ್ಕ ನೂರನ್ನು ದಾಟುತ್ತದೆ, ಸ್ವಿಚ್‌ನ ಪುಟ್ಟ ಬಫರ್ ಉಕ್ಕುತ್ತದೆ. ಪೂರ್ತಿ ಚಿತ್ರದ ಒಂದು ತುಣುಕು ಬಿದ್ದರೂ ಮುಂದಿನ ಪೂರ್ತಿ ಚಿತ್ರ ಬರುವತನಕ ಚೌಕಗಳೇ. ಮದುವೆಯ ದಿನ ಎಲ್ಲ ಕ್ಯಾಮೆರಾ ಮುಂದೆಯೂ ಜನ ಓಡಾಡುವಾಗ ಇದು ಹೆಚ್ಚು ಕಾಡಿರಬೇಕು.

ಕ್ಯೂಓಎಸ್ ಮಾತು ಇಲ್ಲಿ ಬೇಡ. ಗಿಗಾಬಿಟ್ ಅಪ್‌ಲಿಂಕ್ ಇರುವ ಪಿಓಇ ಸ್ವಿಚ್ ಹಾಕಿಸಿ, ರೆಕಾರ್ಡರ್‌ನ ಪೋರ್ಟ್ ಗಿಗಾಬಿಟ್‌ನದೇ ಅಂತ ಖಚಿತ ಮಾಡಿಕೊಳ್ಳಿ. ಅಲ್ಲಿಯತನಕ ಪಾರ್ಕಿಂಗ್, ಸ್ಟೋರ್ ಕಡೆಯ ಕ್ಯಾಮೆರಾಗಳನ್ನು 2 ಎಂಬಿಪಿಎಸ್‌ಗೆ ಇಳಿಸಿ.

ಪ್ರಶ್ನೆ: 40 ಹುಡುಗರ ಪಿಜಿ ನಡೆಸುತ್ತೇನೆ. 200 ಎಂಬಿಪಿಎಸ್ ಲೈನಿದೆ. ಜಗಳ ಬೇಡವೆಂದು ಸ್ವಿಚ್‌ನಲ್ಲಿ ಪ್ರತಿ ಕೋಣೆಯ ಪೋರ್ಟ್‌ಗೂ 5 ಎಂಬಿಪಿಎಸ್ ಮಿತಿ ಹಾಕಿಸಿದೆ. ಹುಡುಗರು ಟೆಸ್ಟ್ ಮಾಡಿ 2 ಕೂಡ ಬರುತ್ತಿಲ್ಲ, ನೀವು ಮೋಸ ಮಾಡುತ್ತಿದ್ದೀರಿ ಅನ್ನುತ್ತಾರೆ. — ಬೆಂಗಳೂರು

ಉತ್ತರ: ನೀವು ಮೋಸ ಮಾಡಿಲ್ಲ, ಹುಡುಗರು ಸುಳ್ಳೂ ಹೇಳುತ್ತಿಲ್ಲ. ಮಿತಿ ಹಾಕಲು ಎರಡು ವಿಧಾನ ಇವೆ. ಶೇಪಿಂಗ್ ಆದರೆ ಹೆಚ್ಚಿಗೆ ಬಂದದ್ದನ್ನು ಸ್ವಲ್ಪ ಹೊತ್ತು ಕೂರಿಸಿ ನಿಧಾನಕ್ಕೆ ಬಿಡುತ್ತದೆ. ಪೊಲೀಸಿಂಗ್ ಆದರೆ ಹೆಚ್ಚಿಗೆ ಬಂದದ್ದನ್ನು ಅಲ್ಲೇ ಎಸೆಯುತ್ತದೆ. ಅಗ್ಗದ ಸ್ವಿಚ್‌ಗಳಲ್ಲಿ ‘ರೇಟ್ ಲಿಮಿಟ್’ ಅಂತ ಇರುವುದು ಅನೇಕ ಸಲ ಎರಡನೆಯದು.

ಅದು ನಡೆಯುವುದು ಟೋಕನ್ ಲೆಕ್ಕದಲ್ಲಿ. ಒಂದು ಬಕೆಟ್ಟಿಗೆ ಸೆಕೆಂಡಿಗೆ 5 ಎಂಬಿಪಿಎಸ್‌ಗೆ ಸರಿಯಾಗುವಷ್ಟು ಟೋಕನ್ ತೊಟ್ಟಿಕ್ಕುತ್ತಿರುತ್ತದೆ. ಪ್ಯಾಕೆಟ್ ದಾಟಬೇಕಾದರೆ ತನ್ನ ತೂಕದ ಟೋಕನ್ ಎತ್ತಿಕೊಳ್ಳಬೇಕು. ಬಕೆಟ್ ಖಾಲಿಯಾಗಿದ್ದರೆ ಪ್ಯಾಕೆಟ್ ಕಸಕ್ಕೆ. ಬಕೆಟ್ ಎಷ್ಟು ದೊಡ್ಡದು ಅನ್ನುವುದೇ ‘ಬರ್ಸ್ಟ್’. ನಿಮ್ಮಲ್ಲಿ ಅದು 16 ಕಿಲೋಬೈಟ್ ಇದ್ದರೆ ಹನ್ನೊಂದು ಪ್ಯಾಕೆಟ್‌ಗೆ ಬಕೆಟ್ ಬರಿದು. ಡೌನ್‌ಲೋಡ್‌ಗಳು ಬಳಸುವ ಟಿಸಿಪಿ ಪ್ಯಾಕೆಟ್‌ಗಳನ್ನು ಗುಂಪು ಗುಂಪಾಗಿ ಕಳಿಸುವಂಥದ್ದು. ಹನ್ನೆರಡನೆಯದು ಬಿತ್ತು ಅಂದರೆ ‘ದಾರಿ ಕಟ್ಟಿದೆ’ ಅಂತ ತಿಳಿದು ವೇಗವನ್ನು ಒಮ್ಮೆಗೇ ತಗ್ಗಿಸಿಕೊಳ್ಳುತ್ತದೆ. ಮತ್ತೆ ಮೆಲ್ಲಗೆ ಏರುತ್ತದೆ, ಮತ್ತೆ ಬೀಳುತ್ತದೆ. ಐದರ ಹತ್ತಿರಕ್ಕೆ ಹೋಗಲು ಪುರಸೊತ್ತೇ ಸಿಗದು. ಒಂದೂವರೆ ಸೆಕೆಂಡಿನ ಹರಿವು ಹಿಡಿಸುವಷ್ಟು ಬಕೆಟ್ ಇಡಿ ಅನ್ನುವುದು ಹಳೆಯ ಸೂತ್ರ. 5 ಎಂಬಿಪಿಎಸ್‌ಗೆ ಅದು ಸುಮಾರು 9 ಲಕ್ಷ 37 ಸಾವಿರ ಬೈಟ್. ನಿಮ್ಮ ಸ್ವಿಚ್ ಅಷ್ಟಕ್ಕೆ ಒಪ್ಪದಿದ್ದರೆ ಒಪ್ಪುವಷ್ಟನ್ನೂ ಕೊಡಿ, ಅಂಕಿ ಮೇಲೇರುವುದನ್ನು ಹುಡುಗರೇ ಹೇಳುತ್ತಾರೆ.

ಆದರೆ ಐದರ ಮಿತಿಯನ್ನೇ ನಾನು ಒಪ್ಪುವುದಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಪಿಜಿಯಲ್ಲಿ ಇಬ್ಬರೇ ಇದ್ದಾಗ ಅವರಿಗೆ ಹತ್ತು ಕೊಟ್ಟು ನೂರ ತೊಂಬತ್ತು ಎಂಬಿಪಿಎಸ್ ಒಣಗಿಸುವುದೇಕೆ? ಕೋಣೆಗಳ ಮಿತಿ ತೆಗೆದು, ರೂಟರ್‌ನಲ್ಲಿ ಒಟ್ಟು ಲೈನನ್ನು 180ರ ಸುಮಾರಿಗೆ ಶೇಪ್ ಮಾಡಿ, ಅದರೊಳಗೆ ‘ಎಫ್‌ಕ್ಯೂ-ಕೋಡೆಲ್’ ಅಥವಾ ‘ಕೇಕ್’ ಹಾಕಿ. ಓಪನ್‌ಡಬ್ಲ್ಯುಆರ್‌ಟಿ ಓಡುವ ರೂಟರ್‌ಗಳಲ್ಲಿ ಎರಡೂ ಸಿಗುತ್ತವೆ. ಕೋಡೆಲ್ ಉಪಾಯವನ್ನು 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್, ವ್ಯಾನ್ ಜೇಕಬ್‌ಸನ್ ಪ್ರಕಟಿಸಿದರು. ಸಾಲು ಎಷ್ಟು ಉದ್ದ ಅಂತ ಅದು ಕೇಳುವುದಿಲ್ಲ, ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಅಂತ ಕೇಳುತ್ತದೆ. ಕಾಯುವ ಹೊತ್ತು 100 ಮಿಲಿಸೆಕೆಂಡಿನುದ್ದಕ್ಕೂ 5 ಮಿಲಿಸೆಕೆಂಡಿಗಿಂತ ಕೆಳಗಿಳಿಯದಿದ್ದರೆ ಒಂದನ್ನು ಬೀಳಿಸಿ ಕಳಿಸುವವರಿಗೆ ಎಚ್ಚರಿಕೆ ಕೊಡುತ್ತದೆ. ಕೇಕ್‌ನಲ್ಲಿ ತಲೆಗೊಂದು ಪಾಲು ಹಂಚುವ ಆಯ್ಕೆಯೂ ಇದೆ. ಇಬ್ಬರಿದ್ದರೆ ತಲಾ 90, ನಲವತ್ತು ಜನ ಒಟ್ಟಿಗೆ ಕೂತರೆ ತಲಾ ನಾಲ್ಕೂವರೆ, ತಾನಾಗೇ. ಒಂದು ಎಚ್ಚರ: 180 ಎಂಬಿಪಿಎಸ್ ಶೇಪ್ ಮಾಡಲು ರೂಟರ್‌ನ ಪ್ರೊಸೆಸರ್‌ಗೆ ಕಸುವು ಬೇಕು, ಮನೆ ಬಳಕೆಯ ಪುಟ್ಟ ಡಬ್ಬಿಗಳು ಏದುಸಿರು ಬಿಡುತ್ತವೆ.

ಪ್ರಶ್ನೆ: ಕಾನೂನು ವಿದ್ಯಾರ್ಥಿ. ನಮ್ಮ ಹಾಸ್ಟೆಲ್‌ನಲ್ಲಿ ರಾತ್ರಿ ವಿಡಿಯೋ ಜಾಲತಾಣಗಳನ್ನು ಬೇಕೆಂದೇ ನಿಧಾನ ಮಾಡುತ್ತಾರೆ. ಇದು ನೆಟ್ ನ್ಯೂಟ್ರಾಲಿಟಿಯ ಉಲ್ಲಂಘನೆ ಅಲ್ಲವೇ? — ಧಾರವಾಡ

ಉತ್ತರ: ಅಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2016ರ ಫೆಬ್ರವರಿಯಲ್ಲಿ ಜಾಲತಾಣಕ್ಕೊಂದು ದರ ಹಾಕುವುದನ್ನು ತಡೆದದ್ದಾಗಲಿ, ಅದರ 2017ರ ಶಿಫಾರಸುಗಳನ್ನು ದೂರಸಂಪರ್ಕ ಇಲಾಖೆ 2018ರ ಜುಲೈನಲ್ಲಿ ಒಪ್ಪಿದ್ದಾಗಲಿ, ಕಟ್ಟಿಹಾಕಿರುವುದು ಲೈಸೆನ್ಸ್ ಪಡೆದು ಇಂಟರ್‌ನೆಟ್ ಮಾರುವ ಕಂಪನಿಗಳನ್ನು. ಹಾಸ್ಟೆಲ್ ಕೊಂಡುಕೊಳ್ಳುವ ಗಿರಾಕಿ. ಕೊಂಡ ಲೈನನ್ನು ತನ್ನ ಕಟ್ಟಡದೊಳಗೆ ಹೇಗೆ ಹಂಚಬೇಕೆಂಬುದು ಅದರ ಇಷ್ಟ. ಆ ಶಿಫಾರಸುಗಳಲ್ಲಿ ಕಂಪನಿಗಳಿಗೂ ನೆಟ್‌ವರ್ಕ್ ಸಂಭಾಳಿಸಲು ನ್ಯಾಯವಾದ ಟ್ರಾಫಿಕ್ ನಿರ್ವಹಣೆಗೆ ಅವಕಾಶ ಇದೆ, ತಾರತಮ್ಯಕ್ಕೆ ಇಲ್ಲ. ವಾರ್ಡನ್ ಹತ್ತಿರ ವಾದ ಮಾಡುವುದಾದರೆ ಕಾನೂನು ಬಿಟ್ಟು ಲೆಕ್ಕ ಹಿಡಿಯಿರಿ. ಮೇಲಿನ ಪಿಜಿಯವರಿಗೆ ಹೇಳಿದ ಏರ್ಪಾಡನ್ನು ತೋರಿಸಿ. ಯಾವ ಜಾಲತಾಣವನ್ನೂ ಹೆಸರಿಟ್ಟು ತುಳಿಯದೆ ಎಲ್ಲರಿಗೂ ಪಾಲು ಸಿಗುತ್ತದೆ.

ಪ್ರಶ್ನೆ: ಸ್ವಿಚ್‌ನಲ್ಲಿ ‘ಫ್ಲೋ ಕಂಟ್ರೋಲ್’ ಅಂತ ಒಂದು ಗುಂಡಿ ಇದೆ. ಆನ್ ಮಾಡಿದರೆ ಪ್ಯಾಕೆಟ್ ಬೀಳುವುದಿಲ್ಲ ಅನ್ನುತ್ತಾರೆ, ನಿಜವೇ? — ಶಿರಸಿ

ಉತ್ತರ: ಬೀಳುವುದು ಕಡಿಮೆಯಾದೀತು. ಆದರೆ 802.3ಎಕ್ಸ್‌ನ ಈ ‘ಪಾಸ್’ ಸಂದೇಶ ಆಚೆಯವನಿಗೆ ‘ಸ್ವಲ್ಪ ಹೊತ್ತು ಏನೂ ಕಳಿಸಬೇಡ’ ಅನ್ನುತ್ತದೆ. ಏನೂ ಅಂದರೆ ಏನೂ. ಮಾತು, ಬ್ಯಾಕಪ್ ಅನ್ನುವ ಭೇದ ಅದಕ್ಕಿಲ್ಲ. ಆದ್ಯತೆಯ ಏರ್ಪಾಡು ಮಾಡಿರುವ ಕಡೆ ಆಫ್ ಇಡಿ.

ಮುಂದಿನ ಸಲ ಬರೆಯುವವರಲ್ಲಿ ಒಂದು ಕೋರಿಕೆ. ‘ನೆಟ್ ಸ್ಲೋ’ ಅಂತಷ್ಟೇ ಬರೆದು ಕಳಿಸಬೇಡಿ. ಲೈನಿನ ಅಪ್‌ಲೋಡ್ ಮತ್ತು ಡೌನ್‌ಲೋಡ್ ವೇಗ, ಸ್ವಿಚ್ ಮತ್ತು ರೂಟರ್‌ನ ಮಾದರಿ ಸಂಖ್ಯೆ, ತೊಂದರೆ ಇಲ್ಲದಾಗಿನ ಪಿಂಗ್, ತೊಂದರೆ ಇದ್ದಾಗಿನ ಪಿಂಗ್, ಯಾವ ಪೋರ್ಟ್‌ನಲ್ಲಿ ಎಷ್ಟು ಪ್ಯಾಕೆಟ್ ಬಿದ್ದಿವೆ ಅನ್ನುವ ಅಂಕಿ, ಇಷ್ಟು ಜೊತೆಗಿರಲಿ. ಪಾಸ್‌ವರ್ಡ್ ಇರುವ ಕಾನ್ಫಿಗರೇಶನ್ ಫೈಲನ್ನು ಹಾಗೇ ಲಗತ್ತಿಸಿದವರು ಈ ಸಲ ಮೂವರು. ಅವರು ದಯವಿಟ್ಟು ಇವತ್ತೇ ಪಾಸ್‌ವರ್ಡ್ ಬದಲಿಸಿಕೊಳ್ಳಿ.